ಬೀಳಲು ಬಿಡದ, ಕಟ್ಟಲೂ ಕಟ್ಟದ ಊರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ, ಈಗ ಜನರಿಲ್ಲದ ಹಳೆಯ ಚಿನ್ನದ ಗಣಿಯೂರು ಬೋಡಿಯ ಬೀದಿಯಲ್ಲಿ ಸ್ವೇಜಿ ಹೋಟೆಲ್ ಎಂಬ ಹಳೆಯ ಮರದ ಕಟ್ಟಡವೊಂದು ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿದೆ. ಮೊದಲ ಸಲ ನೋಡುವವರು ತಮಗೆ ಅರಿವಿಲ್ಲದೆಯೇ ಎರಡು ಹೆಜ್ಜೆ ದೂರ ಸರಿಯುವಷ್ಟು ಅದು ವಾಲಿದೆ. ವಾಲಿದ ಕಡೆಯಿಂದ ತೊಲೆಗಳನ್ನು ಆಸರೆಯಾಗಿ ಕೊಟ್ಟು ಅದನ್ನು ಹಿಡಿದು ನಿಲ್ಲಿಸಿದ್ದಾರೆ. ಅಷ್ಟು ಚಿಕ್ಕ ಕಟ್ಟಡವನ್ನು ನೆಟ್ಟಗೆ ಮಾಡುವುದು ಇಂದಿನ ಎಂಜಿನಿಯರುಗಳಿಗೆ ಕಷ್ಟದ ಕೆಲಸವೇನಲ್ಲ, ಆದರೆ ಹಾಗೆ ಮಾಡುವಂತಿಲ್ಲ. ಬಿದ್ದರೆ ಬೀಳಲಿ ಎಂದು ಬಿಡುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 1962ರಲ್ಲಿ ಈ ಊರನ್ನು ಚಾರಿತ್ರಿಕ ಉದ್ಯಾನವೆಂದು ತನ್ನ ವಶಕ್ಕೆ ತೆಗೆದುಕೊಂಡಾಗ ಯಾವ ಮನೆ ಯಾವ ಸ್ಥಿತಿಯಲ್ಲಿತ್ತೋ ಅದನ್ನು ಅದೇ ಸ್ಥಿತಿಯಲ್ಲಿ ಉಳಿಸಬೇಕೆಂಬುದು ಇಲ್ಲಿಯ ಮೂಲ ನಿಯಮ. ಸೋರುವ ಮಾಡಿಗೆ ಹಲಗೆ ಹೊದಿಸುತ್ತಾರೆ, ಒಡೆದ ಕಿಟಕಿಗೆ ಗಾಜು ಹಾಕುತ್ತಾರೆ, ಕುಸಿಯುವ ತಳಪಾಯವನ್ನು ಕಣ್ಣಿಗೆ ಕಾಣದ ಹಾಗೆ ಭದ್ರಪಡಿಸುತ್ತಾರೆ. ಗೋಡೆಗೆ ಬಣ್ಣ ಬಳಿಯುವುದಿಲ್ಲ, ಕಿತ್ತುಬಂದ ಗೋಡೆಕಾಗದವನ್ನು ಮತ್ತೆ ಅಂಟಿಸುವುದಿಲ್ಲ, ಮೇಜಿನ ಮೇಲಿನ ಧೂಳನ್ನು ಒರೆಸುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗದವರು ವಿರಳ. ಅದೇ ದಾರಿಯಲ್ಲಿ ಮುಂದುವರಿದು, ಬೇಸಿಗೆಯಲ್ಲಿ ಮಾತ್ರ ತೆರೆದಿರುವ ಟಯೋಗಾ ಪಾಸ್ ದಾಟಿ ಸಿಯೆರಾ ನೆವಾಡಾ ಪರ್ವತಗಳ ಪೂರ್ವಕ್ಕೆ ಇಳಿದರೆ ಮೋನೋ ಸರೋವರದ ಉಪ್ಪುನೀರು ಕಾಣಿಸುತ್ತದೆ. ಅಲ್ಲಿಂದ ಉತ್ತರಕ್ಕೆ ಹೋಗಿ, ಬ್ರಿಡ್ಜ್‌ಪೋರ್ಟ್ ಊರಿಗೆ ಏಳು ಮೈಲಿ ಇರುವಂತೆಯೇ ಬಲಕ್ಕೆ ತಿರುಗಿದರೆ ಹದಿಮೂರು ಮೈಲಿಯ ರಸ್ತೆ ಬೋಡಿಗೆ ಕರೆದೊಯ್ಯುತ್ತದೆ. ಕೊನೆಯ ಮೂರು ಮೈಲಿಗೆ ಡಾಂಬರಿಲ್ಲ. ಮರವೆಂಬುದು ಹೆಸರಿಗೂ ಕಾಣಿಸದ, ಸೇಜ್‌ಬ್ರಷ್ ಎಂಬ ಬೂದುಬಣ್ಣದ ಕುರುಚಲು ಮಾತ್ರ ಹಬ್ಬಿರುವ ಬೋಳುಗುಡ್ಡಗಳ ನಡುವೆ, ಬಿಸಿಲಿಗೆ ಕಂದಿದ ಮರದ ಮನೆಗಳು ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ನಿಂತಿರುತ್ತವೆ. ಎತ್ತರ 8,379 ಅಡಿ. ಕಾರಿನಿಂದ ಇಳಿದು ಸ್ವಲ್ಪ ಬಿರುಸಾಗಿ ನಡೆದರೂ ಏದುಸಿರು ಬರುತ್ತದೆ. ಊಟ, ತಿಂಡಿ, ಪೆಟ್ರೋಲು ಯಾವುದೂ ಅಲ್ಲಿ ಸಿಗುವುದಿಲ್ಲವಾದ್ದರಿಂದ ಎಲ್ಲವನ್ನೂ ಕಟ್ಟಿಕೊಂಡೇ ಹೋಗಬೇಕು.

ಮನೆಗಳ ಒಳಗೆ ಹೋಗಲು ಬಹುತೇಕ ಅವಕಾಶವಿಲ್ಲ, ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಬೇಕು. ಶಾಲೆಯಲ್ಲಿ ಬೆಂಚುಗಳು, ಭೂಗೋಳ, ಕರಿಹಲಗೆ. ಬೂನ್ ಅಂಗಡಿಯಲ್ಲಿ ಕಪಾಟಿನ ತುಂಬ ಡಬ್ಬಿಗಳು, ಸೀಸೆಗಳು. ಹೆಣ ಇಡುತ್ತಿದ್ದ ಕೋಣೆಯಲ್ಲಿ ಶವಪೆಟ್ಟಿಗೆಗಳು. ಯಾವುದೋ ಮನೆಯ ಅಡುಗೆಕೋಣೆಯಲ್ಲಿ ಒಲೆ, ಕೆಟಲು, ಕಾಲು ಮುರಿದ ಕುರ್ಚಿ. ಜನರು ನಿನ್ನೆ ಮೊನ್ನೆ ಎದ್ದು ಹೋದ ಹಾಗಿದೆ ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ನನ್ನ ಪಕ್ಕದಲ್ಲಿ ನಿಂತವರೂ ಅದನ್ನೇ ಹೇಳಿದರು, ನನಗೂ ಹಾಗೆಯೇ ಅನ್ನಿಸಿತು. ಆದರೆ ಊರನ್ನು ಒಂದು ಸುತ್ತು ಹಾಕಿ, ಯಾವ ಕಟ್ಟಡ ಯಾವ ಕಾಲದ್ದು ಎಂದು ಗಮನಿಸತೊಡಗಿದಂತೆ, ನಾವು ನೋಡಲು ಬಂದ ಊರು ಒಂದು, ಅಲ್ಲಿ ಉಳಿದಿರುವ ಊರು ಇನ್ನೊಂದು ಎಂಬುದು ನಿಧಾನವಾಗಿ ಮನಸ್ಸಿಗೆ ಬಂದಿತು. ಎಲ್ಲರೂ ನೋಡಲು ಬರುವುದು 1880ರ ಬೋಡಿಯನ್ನು, ಪಿಸ್ತೂಲು, ಪಡಖಾನೆ, ಜೂಜುಕಟ್ಟೆ, ಚಿನ್ನದ ಹುಚ್ಚುಗಳ ಬೋಡಿಯನ್ನು. ಅದು ಸುಟ್ಟುಹೋಗಿ ಬಹಳ ಕಾಲವಾಗಿದೆ. ಈಗ ನಿಂತಿರುವುದು, ಚಿನ್ನ ಮುಗಿದ ಮೇಲೂ ಊರು ಬಿಡದೆ ಉಳಿದವರ ಬೋಡಿ.

ಇಲ್ಲಿ ಚಿನ್ನ ಸಿಕ್ಕಿದ್ದು 1859ರಲ್ಲಿ. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಿಂದ ಬಂದಿದ್ದ ಡಬ್ಲ್ಯೂ. ಎಸ್. ಬೋಡಿ ಎಂಬಾತ ಜೊತೆಗಾರರೊಂದಿಗೆ ಈ ಗುಡ್ಡಗಳಲ್ಲಿ ಚಿನ್ನದ ಕಣಗಳನ್ನು ಕಂಡ. ಅದೇ ಚಳಿಗಾಲದಲ್ಲಿ ದಿನಸಿ ತರಲು ಮೋನೋವಿಲ್‌ಗೆ ಹೋದವನು ಹಿಂದಿರುಗುವಾಗ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತ. ತನ್ನ ಹೆಸರಿನ ಊರನ್ನು ಆತ ನೋಡಲೇ ಇಲ್ಲ. ಅದೇ 1859ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿಯ ಬಳಿ ಕಾಮ್‌ಸ್ಟಾಕ್ ಬೆಳ್ಳಿ ನಿಕ್ಷೇಪ ಪತ್ತೆಯಾಯಿತು, ಮರುವರ್ಷ ಇಲ್ಲಿಂದ ಹೆಚ್ಚು ದೂರವಿಲ್ಲದ ಅರೋರಾದಲ್ಲಿಯೂ ಬೆಳ್ಳಿ, ಚಿನ್ನ ಸಿಕ್ಕವು. ಜನರೆಲ್ಲ ಅತ್ತ ಹರಿದುದರಿಂದ ಬೋಡಿಯನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕೇಳುವವರೇ ಇರಲಿಲ್ಲ.

ಅದರ ಹಣೆಬರಹ ಬದಲಾಗಿದ್ದು 1875ರಲ್ಲಿ, ಗಣಿಯೊಂದರ ಒಳಭಾಗ ಕುಸಿದು ಬಿದ್ದಾಗ. ಕುಸಿತದ ಹಿಂದೆ ಚಿನ್ನ ತುಂಬಿದ ಬೆಣಚುಕಲ್ಲಿನ ಪಟ್ಟೆ ಕಾಣಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಬಂಡವಾಳಗಾರರು ಬಂದು ಅದನ್ನು ಕೊಂಡು ಸ್ಟ್ಯಾಂಡರ್ಡ್ ಎಂಬ ಕಂಪನಿ ಮಾಡಿದರು. 1877ರ ಹೊತ್ತಿಗೆ ಬೋಡಿಯ ಹೆಸರು ದೇಶವಿಡೀ ಹರಡಿತ್ತು. 1879-80ರಲ್ಲಿ ಊರಿನ ಜನಸಂಖ್ಯೆ ಏಳೆಂಟು ಸಾವಿರ, ಹತ್ತು ಸಾವಿರ ಎಂದೆಲ್ಲ ಹೇಳುತ್ತಾರೆ. ಚಿನ್ನದ ಊರುಗಳ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದದ್ದೇ ಆದ್ದರಿಂದ ನಾನು ಕಡಿಮೆಯ ಅಂಕಿಯನ್ನೇ ನಂಬುತ್ತೇನೆ. ಸುಮಾರು ಎರಡು ಸಾವಿರ ಕಟ್ಟಡಗಳಿದ್ದವಂತೆ, ಅವುಗಳಲ್ಲಿ ಅರವತ್ತೈದು ಪಡಖಾನೆಗಳು. ಗಣಿಯೊಳಗೆ ದುಡಿಯುವವನಿಗೆ ದಿನಗೂಲಿ ನಾಲ್ಕು ಡಾಲರು. ಆ ಕಾಲಕ್ಕೆ ಅದು ಒಳ್ಳೆಯ ಕೂಲಿಯೇ ಆಗಿತ್ತು, ಗಣಿಕಾರ್ಮಿಕರ ಸಂಘ ಅದನ್ನು ಬಿಗಿಯಾಗಿ ಕಾಯ್ದುಕೊಂಡಿತ್ತು. 1878ರಲ್ಲಿ ಕಟ್ಟಿದ ಆ ಸಂಘದ ಭವನ ಇಂದು ಊರಿನ ವಸ್ತುಸಂಗ್ರಹಾಲಯವಾಗಿದೆ, ಅಬ್ಬರದ ವರ್ಷಗಳ ಕಟ್ಟಡವೆಂದು ಬೆರಳು ಮಾಡಿ ತೋರಿಸಬಹುದಾದವುಗಳಲ್ಲಿ ಅದೂ ಒಂದು. ಗಣಿ ಕಂಪನಿಗಳ ಷೇರುಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಪೇಟೆಯಲ್ಲಿ ಕೊಂಡು ಕೈಸುಟ್ಟುಕೊಂಡವರು ಬೇಕಾದಷ್ಟು ಮಂದಿ. ಸ್ಟ್ಯಾಂಡರ್ಡ್‌ನಂತಹ ಒಂದೆರಡು ಗಣಿಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ಲಾಭಾಂಶವನ್ನೇ ಕೊಡಲಿಲ್ಲ. ಸ್ಟ್ಯಾಂಡರ್ಡ್ ಮಾತ್ರ ಇಪ್ಪತ್ತೈದು ವರ್ಷಗಳಲ್ಲಿ ಹತ್ತಿರ ಹತ್ತಿರ 1.5 ಕೋಟಿ ಡಾಲರಿನ ಚಿನ್ನ, ಬೆಳ್ಳಿ ತೆಗೆಯಿತು.

ಚಿನ್ನವೆಂದರೆ ಗಟ್ಟಿಗಟ್ಟಿಯಾಗಿ ಅಗೆದು ತೆಗೆಯುವುದಲ್ಲ. ಬೆಣಚುಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಡಗಿರುವ ಅದನ್ನು ಹೊರಗೆ ತರಲು ಕಲ್ಲನ್ನು ಹಿಟ್ಟು ಮಾಡಬೇಕು. ಸ್ಟ್ಯಾಂಡರ್ಡ್ ಗಿರಣಿಯಲ್ಲಿ ಇಪ್ಪತ್ತು ಕಬ್ಬಿಣದ ಕುಟ್ಟಾಣಿಗಳಿದ್ದವು. ನಮ್ಮ ಅಜ್ಜಿಯರು ಒರಳಿನಲ್ಲಿ ಒನಕೆ ಎತ್ತಿ ಹಾಕುತ್ತಿದ್ದರಲ್ಲ, ಅದೇ ಕ್ರಮದಲ್ಲಿ ಒಂದಾದ ಮೇಲೊಂದು ಎದ್ದು ಬೀಳುವ ಆ ಉಕ್ಕಿನ ಒನಕೆಗಳು ಅದಿರನ್ನು ನೀರಿನೊಂದಿಗೆ ಕುಟ್ಟಿ ಕೆಸರು ಮಾಡುತ್ತಿದ್ದವು. ಆ ಕೆಸರನ್ನು ಪಾದರಸದ ಮೇಲೆ ಹರಿಸಿದರೆ ಚಿನ್ನ, ಬೆಳ್ಳಿಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಕಾಯಿಸಿ ಪಾದರಸವನ್ನು ಹಾರಿಸಿದರೆ ಲೋಹ ಉಳಿಯುತ್ತದೆ. ಈ ಕುಟ್ಟುವಿಕೆ ಹಗಲಿರುಳು ನಡೆಯುತ್ತಿತ್ತು. ಈಗ ಗುಡ್ಡದ ಬುಡದಲ್ಲಿ ಕಾಣುವ ತಗಡು ಹೊದಿಸಿದ ಬೂದುಬಣ್ಣದ ಗಿರಣಿ ಅಬ್ಬರದ ಕಾಲದ್ದಲ್ಲ. ಹಳೆಯದು 1898ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಮರುವರ್ಷ ಕಟ್ಟಿದ್ದು. ಅದರೊಳಗೆ ಮಾರ್ಗದರ್ಶಕರ ಜೊತೆಗೆ ಮಾತ್ರ ಹೋಗಬಹುದು. ಆಸಕ್ತಿಯುಳ್ಳವರು ಆ ಸುತ್ತಾಟವನ್ನು ತಪ್ಪಿಸಿಕೊಳ್ಳಬಾರದು. ಬೋಡಿಯ ಉಳಿದ ಕಟ್ಟಡಗಳೆಲ್ಲ ಈ ಊರಿನಲ್ಲಿ ಜನ ಹೇಗೆ ಬದುಕಿದರು ಎಂಬುದನ್ನು ಹೇಳಿದರೆ, ಅವರು ಈ ಬೋಳುಗುಡ್ಡಕ್ಕೆ ಏಕೆ ಬಂದರು ಎಂಬುದನ್ನು ಹೇಳುವುದು ಗಿರಣಿಯೊಂದೇ.

ಗಿರಣಿ ನಡೆಯಬೇಕಾದರೆ ಉಗಿ ಬೇಕು, ಉಗಿಗೆ ಸೌದೆ ಬೇಕು, ಗಣಿಯ ಸುರಂಗಗಳಿಗೆ ಆಸರೆ ಕೊಡಲು ದಿಮ್ಮಿ ಬೇಕು, ಇಪ್ಪತ್ತು ಅಡಿ ಹಿಮ ಬೀಳುವ ಊರಿನಲ್ಲಿ ಮನೆ ಬೆಚ್ಚಗಿಡಲು ಮತ್ತಷ್ಟು ಸೌದೆ ಬೇಕು. ಬೋಡಿಯಲ್ಲಿ ಮರವಿಲ್ಲ. ಮೊದಲು ಹತ್ತಿರದ ಗುಡ್ಡಗಳ ಪಿನ್ಯನ್ ಪೈನ್ ಮರಗಳಿಗೆ ಕೊಡಲಿ ಬಿತ್ತು. ಮೋನೋ ಸರೋವರದ ಸುತ್ತಿನ ಮೂಲನಿವಾಸಿಗಳಾದ ಕುಟ್ಸಾಡಿಕಾ ಪಾಯೂಟ್ ಜನರಿಗೆ ಆ ಮರದ ಬೀಜವೇ ಚಳಿಗಾಲದ ಆಹಾರ. ಗಣಿಯವರಿಗೆ ಸೌದೆಯಾದದ್ದು ಅವರಿಗೆ ಕಣಜವಾಗಿತ್ತು. ಕಣಜ ಬರಿದಾದ ಮೇಲೆ ಅದೇ ಜನ ಅದೇ ಊರಿನಲ್ಲಿ ಕೂಲಿಗೆ ನಿಲ್ಲಬೇಕಾಯಿತು. ಇಂದು ಬೋಡಿಯಲ್ಲಿ ಅವರ ಮನೆಯೆಂದು ಎದ್ದು ಕಾಣುವಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಹತ್ತಿರದ ಮರ ಸಾಲದಾದಾಗ 1881ರಲ್ಲಿ ಸರೋವರದ ದಕ್ಷಿಣದ ಕಾಡಿನಿಂದ ಬೋಡಿಯವರೆಗೆ ಮೂವತ್ತೆರಡು ಮೈಲಿಯ ಸಣ್ಣ ಹಳಿಯ ರೈಲು ಹಾಕಿದರು. ಕಾಡಿನ ತುದಿಯಲ್ಲಿ ಮೋನೋ ಮಿಲ್ಸ್ ಎಂಬ ಮರ ಕೊಯ್ಯುವ ಕಾರ್ಖಾನೆ, ಗುಡ್ಡದ ತುದಿಯಲ್ಲಿ ಗಣಿ. ಈ ಎರಡರ ನಡುವೆ ಮಾತ್ರ ಓಡುತ್ತಿದ್ದ ಈ ರೈಲಿಗೆ ಪ್ರಪಂಚದ ಬೇರಾವ ರೈಲಿನೊಂದಿಗೂ ಸಂಪರ್ಕವಿರಲಿಲ್ಲ. ಅದನ್ನು ಮುಖ್ಯ ಮಾರ್ಗಕ್ಕೆ ಕೂಡಿಸುವ ಕೆಲಸ ಆರಂಭವಾದರೂ ಅರ್ಧಕ್ಕೇ ನಿಂತುಹೋಯಿತು. ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಹಳಿ ಹಾಕಲು ಕಂಪನಿ ಚೀನೀ ಕಾರ್ಮಿಕರನ್ನು ತಂದಿತ್ತು. ಕಡಿಮೆ ಕೂಲಿಗೆ ಬಂದವರೆಂಬ ಸಿಟ್ಟಿನಲ್ಲಿ ಬೋಡಿಯ ಗಣಿಕಾರ್ಮಿಕರ ಒಂದು ದಂಡು ಅವರನ್ನು ಓಡಿಸಲೆಂದು ಸರೋವರದ ಕಡೆಗೆ ಹೊರಟಿತು. ಸುದ್ದಿ ಮೊದಲೇ ತಲುಪಿದ್ದರಿಂದ ಕಂಪನಿಯವರು ಚೀನೀಯರನ್ನು ದೋಣಿಯಲ್ಲಿ ಸರೋವರದ ನಡುವಿನ ಪಾಓಹಾ ದ್ವೀಪಕ್ಕೆ ಸಾಗಿಸಿದರು. ದಡದಲ್ಲಿ ನಿಂತ ದಂಡಿಗೆ ಆಚೆ ದಾಟಲು ದೋಣಿಯಿಲ್ಲ, ಹೊಟ್ಟೆಗೆ ಅನ್ನವಿಲ್ಲ. ದಣಿದು ಊರಿಗೆ ಮರಳಿತು. ದಿನಕ್ಕೆ ನಾಲ್ಕು ಡಾಲರನ್ನು ಅಷ್ಟು ಒಗ್ಗಟ್ಟಿನಿಂದ ಕಾಯ್ದುಕೊಂಡವರೇ ಈ ಕೆಲಸಕ್ಕೆ ಹೊರಟವರು ಎಂಬುದನ್ನು, ಸಂಘದ ಭವನದ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗ ನೆನೆಯದಿರಲು ನನಗೆ ಸಾಧ್ಯವಾಗಲಿಲ್ಲ. ಬೋಡಿಯಲ್ಲಿ ಕೆಲವು ನೂರು ಚೀನೀಯರಿದ್ದರು. ಬಟ್ಟೆ ಒಗೆಯುವುದು, ತರಕಾರಿ ಮಾರುವುದು, ಇದ್ದಿಲು ಮತ್ತು ಸೌದೆಯ ವ್ಯಾಪಾರ ಅವರದಾಗಿತ್ತು. ಕಿಂಗ್ ಸ್ಟ್ರೀಟ್ ಎಂಬ ಅವರ ಕೇರಿಯಲ್ಲಿ ದೇವಸ್ಥಾನವೂ ಇತ್ತು. ಈಗ ಆ ಜಾಗದಲ್ಲಿ ಸೇಜ್‌ಬ್ರಷ್ ಬೆಳೆದಿದೆ. ಸತ್ತವರ ಮೂಳೆಗಳನ್ನು ಅವರ ಕಡೆಯವರು ತಾಯ್ನಾಡಿಗೆ ಕಳುಹಿಸಿದ್ದರಿಂದ ಅವರ ಸಮಾಧಿಗಳೂ ಹೆಚ್ಚು ಉಳಿದಿಲ್ಲ.

ಕನ್ನಡ ಓದುಗರಿಗೆ ಬೋಡಿಯಲ್ಲಿ ತೀರ ಹತ್ತಿರದ್ದೆನಿಸುವ ಅಧ್ಯಾಯ ವಿದ್ಯುತ್ತಿನದು. ಸೌದೆಯ ಖರ್ಚು ಗಣಿಯ ಲಾಭವನ್ನೇ ನುಂಗತೊಡಗಿದಾಗ, 1892ರಲ್ಲಿ ಸ್ಟ್ಯಾಂಡರ್ಡ್ ಕಂಪನಿ ಗ್ರೀನ್ ಕ್ರೀಕ್ ಎಂಬ ತೊರೆಯ ಬಳಿ ಜಲವಿದ್ಯುತ್ ಕೇಂದ್ರ ಕಟ್ಟಲು ಹೊರಟಿತು. ಅಲ್ಲಿಂದ ಗಿರಣಿಗೆ ಸುಮಾರು ಹದಿಮೂರು ಮೈಲಿ. ಅಷ್ಟು ದೂರಕ್ಕೆ ಪರ್ಯಾಯ ವಿದ್ಯುತ್ತನ್ನು (ಎಸಿ ಕರೆಂಟನ್ನು) ತಂತಿಯಲ್ಲಿ ಸಾಗಿಸಿ ಯಂತ್ರ ಓಡಿಸುವುದು ಆಗ ಹೆಚ್ಚು ಜನ ನಂಬದ ಮಾತು. ತಂತಿ ಮೂಲೆಯಲ್ಲಿ ತಿರುಗಿದರೆ ವಿದ್ಯುತ್ತು ತಿರುಗಲಾರದೆ ಹೊರಗೆ ಹಾರಿಹೋದೀತು ಎಂಬ ಭಯದಿಂದ ಕಂಬಗಳನ್ನು ಗೆರೆ ಎಳೆದ ಹಾಗೆ ನೇರವಾಗಿ ನೆಟ್ಟರೆಂದು ಒಂದು ಕಥೆ ಹೇಳುತ್ತಾರೆ. ತಂತಿಯ ಖರ್ಚು ಉಳಿಸಲು ನೇರ ದಾರಿ ಹಿಡಿದಿರಬಹುದೆಂದು ನನ್ನ ಅನುಮಾನ, ಆದರೆ ಕಥೆ ಸೊಗಸಾಗಿದೆ. 1893ರಲ್ಲಿ ಗಿರಣಿಯ ಕುಟ್ಟಾಣಿಗಳು ವಿದ್ಯುತ್ತಿನಿಂದ ಓಡಿದವು, ಬೋಡಿಯ ಹೆಸರು ಎಂಜಿನಿಯರುಗಳ ನಡುವೆ ಮಾತಾಯಿತು.

ಇದಾಗಿ ಹತ್ತು ವರ್ಷ ಕಳೆಯುವುದರೊಳಗೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತೆರಡು ಮೈಲಿ ದೂರ ವಿದ್ಯುತ್ತು ಹರಿಯಿತು. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಆ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಮೈಸೂರು ಸೀಮೆಯಲ್ಲಿ ವಿದ್ಯುತ್ತು ಮೊದಲು ತಲುಪಿದ್ದು ರಾಜಧಾನಿಗಲ್ಲ, ಗಣಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು. ಎರಡು ಕಡೆಯೂ ಕಾರಣ ಒಂದೇ. ಗಣಿ ಆಳಕ್ಕೆ ಇಳಿದಷ್ಟೂ ನೀರು ಎತ್ತುವ, ಗಾಳಿ ಊದುವ, ಅದಿರು ಮೇಲೆ ತರುವ ಖರ್ಚು ಏರುತ್ತದೆ, ಇಂಧನ ಅಗ್ಗವಾಗದಿದ್ದರೆ ಚಿನ್ನವಿದ್ದೂ ಗಣಿ ಮುಚ್ಚಬೇಕಾಗುತ್ತದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಬಂದದ್ದು 1880ರಲ್ಲಿ, ಬೋಡಿ ತುತ್ತತುದಿಯಲ್ಲಿದ್ದ ವರ್ಷವೇ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರ, ತಾಮ್ರದ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರು ಪ್ರಪಂಚದ ಮೂಲೆಮೂಲೆಗೆ ಚದುರಿದರು. ಬೋಡಿಯ ಸುರಂಗಗಳಿಗೂ ಇಳಿದರು, ಕೋಲಾರದ ಸುರಂಗಗಳಿಗೂ ಮೇಸ್ತ್ರಿಗಳಾಗಿ ಬಂದರು.

ಬೋಡಿಯ ಅಬ್ಬರ ನಾಲ್ಕೈದು ವರ್ಷಕ್ಕಿಂತ ಹೆಚ್ಚು ನಡೆಯಲಿಲ್ಲ. 1882ರ ಹೊತ್ತಿಗೆ ಒಂದೊಂದಾಗಿ ಗಣಿಗಳು ಬಾಗಿಲು ಹಾಕಿದವು, ಹೊಸ ಊರುಗಳಲ್ಲಿ ಚಿನ್ನ, ಬೆಳ್ಳಿ ಸಿಕ್ಕ ಸುದ್ದಿ ಬಂದೊಡನೆ ಜನ ಗಂಟುಮೂಟೆ ಕಟ್ಟಿದರು. ಉಳಿದ ಎರಡು ದೊಡ್ಡ ಗಣಿಗಳು 1887ರಲ್ಲಿ ಒಂದಾದವು. ಈಗ ಊರಿನ ಗುರುತಿನಂತಿರುವ ಮೆಥೊಡಿಸ್ಟ್ ಇಗರ್ಜಿ ಕಟ್ಟಿದ್ದೂ 1882ರಲ್ಲಿಯೇ. ಅರವತ್ತೈದು ಪಡಖಾನೆಗಳ ಕಾಲದಲ್ಲಿ ಇಗರ್ಜಿಯ ಕಟ್ಟಡವಿಲ್ಲದ ಊರಿಗೆ, ಜನ ಖಾಲಿಯಾಗತೊಡಗಿದಾಗ ಅದು ಬಂದಿತು. ಸಂಸಾರಸ್ಥರು ಉಳಿದುಕೊಂಡಿದ್ದರು ಎಂಬುದು ಇದರ ಅರ್ಥವೆಂದು ನಾನು ತಿಳಿಯುತ್ತೇನೆ. 1890ರ ದಶಕದಲ್ಲಿ, ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನ ಬಂದಾಗ, ಹಿಂದೆ ಕುಟ್ಟಿ ಎಸೆದ ಕೆಸರಿನ ದಿಬ್ಬಗಳಿಂದಲೇ ಮತ್ತೆ ಚಿನ್ನ ತೆಗೆಯಲು ಸಾಧ್ಯವಾಗಿ ಊರು ಇನ್ನೊಂದಷ್ಟು ಕಾಲ ಉಸಿರಾಡಿತು. 1917ರಲ್ಲಿ ರೈಲು ನಿಂತಿತು, ಹಳಿಗಳನ್ನು ಕಿತ್ತು ಗುಜರಿಗೆ ಮಾರಿದರು. 1920ರಲ್ಲಿ ಊರಿನಲ್ಲಿ ಉಳಿದಿದ್ದವರು ನೂರಿಪ್ಪತ್ತು ಜನ.

ಪೇಟೆಗೆ ದೊಡ್ಡ ಬೆಂಕಿ ಎರಡು ಸಲ ಬಂದಿತು. 1892ರ ಬೆಂಕಿಯಲ್ಲಿ ಪೇಟೆಯ ಒಂದು ಭಾಗ ಹೋಯಿತು. 1932ರಲ್ಲಿ ಬೆಂಕಿಕಡ್ಡಿಯೊಂದಿಗೆ ಆಡುತ್ತಿದ್ದ ಎರಡೂವರೆ ವರ್ಷದ ಮಗುವಿನಿಂದ ಹೊತ್ತಿಕೊಂಡಿತೆಂದು ಹೇಳುವ ಬೆಂಕಿಯಲ್ಲಿ ಉಳಿದ ಪೇಟೆಯ ಬಹುಭಾಗ ಸುಟ್ಟುಹೋಯಿತು. ಒಂದು ಕಾಲಕ್ಕೆ ಎರಡು ಸಾವಿರವಿದ್ದ ಕಟ್ಟಡಗಳಲ್ಲಿ ಈಗ ನಿಂತಿರುವುದು ನೂರಕ್ಕೆ ಸ್ವಲ್ಪ ಹೆಚ್ಚು. ಮುಖ್ಯ ಬೀದಿಯಲ್ಲಿ ಮನೆಗೂ ಮನೆಗೂ ನಡುವೆ ಇಷ್ಟು ಬಯಲು ಏಕೆ ಎಂದು ಕೇಳುವವರಿಗೆ ಉತ್ತರ ಇದೇ. ಛಾಯಾಚಿತ್ರಗಳಲ್ಲಿ ಕಾವ್ಯಮಯವಾಗಿ ಕಾಣುವ ಆ ಬಯಲು ಹಿಂದೆ ಭುಜಕ್ಕೆ ಭುಜ ತಾಗಿಸಿ ನಿಂತ ಅಂಗಡಿಸಾಲಾಗಿತ್ತು. ಬ್ಯಾಂಕಿನ ಕಟ್ಟಡವೂ ಸುಟ್ಟು, ಅದರ ತಿಜೋರಿಯ ಕೋಣೆ ಮಾತ್ರ ನಿಂತಿದೆ. 1942ರಲ್ಲಿ, ಎರಡನೆಯ ಮಹಾಯುದ್ಧಕ್ಕೆ ಕೂಲಿಗಳೂ ಯಂತ್ರಗಳೂ ಬೇಕೆಂದು ಅಮೆರಿಕ ಸರ್ಕಾರ ಚಿನ್ನದ ಗಣಿಗಳನ್ನು ಮುಚ್ಚಿಸುವ ಆದೇಶ ಹೊರಡಿಸಿದಾಗ ಬೋಡಿಯ ಕಡೆಯ ಗಣಿಯೂ ನಿಂತಿತು, ಅಂಚೆಕಚೇರಿಯೂ ಮುಚ್ಚಿತು.

ಅಷ್ಟಾದರೂ ಮನೆಗಳೊಳಗಿನ ಬಟ್ಟಲು, ಬೆಂಚು, ಶವಪೆಟ್ಟಿಗೆಗಳು ಏಕೆ ಉಳಿದವು? ಉತ್ತರ ರಮ್ಯವಾದುದೇನಲ್ಲ, ಆಸ್ತಿಯ ಲೆಕ್ಕದ್ದು. ಜೇಮ್ಸ್ ಸ್ಟುವರ್ಟ್ ಕೇನ್ ಎಂಬಾತ ಮರದ ವ್ಯಾಪಾರಿಯಾಗಿ ಬಂದು, ಗಣಿ ಗುತ್ತಿಗೆ ಹಿಡಿದು, ಬ್ಯಾಂಕು ಕೊಂಡು, ಊರು ಬಿಟ್ಟವರ ಜಾಗಗಳನ್ನೆಲ್ಲ ಸೇರಿಸಿಕೊಳ್ಳುತ್ತ ಹೋಗಿ ಕೊನೆಗೆ ಊರಿನ ಬಹುಭಾಗಕ್ಕೆ ಒಡೆಯನಾದ. ಜನ ಹೋದ ಮೇಲೂ ಅವನ ಕುಟುಂಬ ಕಾವಲುಗಾರರನ್ನಿಟ್ಟು ಕಳ್ಳರಿಂದ ಊರನ್ನು ಕಾಯಿಸಿತು. ಹತ್ತಾರು ಒಡೆಯರಿದ್ದ ಇತರ ಗಣಿ ಊರುಗಳಲ್ಲಿ ಬಾಗಿಲು, ಕಿಟಕಿ, ಹಲಗೆಗಳನ್ನೂ ಬಿಡದೆ ಹೊತ್ತೊಯ್ದರು. ಪಕ್ಕದ ಅರೋರಾದಲ್ಲಿ ಇಂದು ನೋಡಲು ಹೆಚ್ಚೇನೂ ಉಳಿದಿಲ್ಲ. ಬೋಡಿಯ ಬಡವರು ಬಿಟ್ಟುಹೋದ ಸಾಮಾನುಗಳು ಊರಿನ ಸಾಹುಕಾರನ ಕೃಪೆಯಿಂದ ಉಳಿದವು ಎಂಬುದು ಅಷ್ಟೇನೂ ಹಿತವಾದ ಸಂಗತಿಯಲ್ಲ, ಆದರೆ ನಡೆದದ್ದು ಹಾಗೆಯೇ.

ಇಂದು ಆ ಕಾವಲಿನ ಕೆಲಸವನ್ನು ಉದ್ಯಾನದ ಸಿಬ್ಬಂದಿಯ ಜೊತೆಗೆ ಒಂದು ಶಾಪವೂ ಮಾಡುತ್ತಿದೆ. ಬೋಡಿಯಿಂದ ಮೊಳೆ, ಗಾಜಿನ ಚೂರು, ಕಲ್ಲು ಏನನ್ನಾದರೂ ಕದ್ದೊಯ್ದವರಿಗೆ ಕೇಡು ತಪ್ಪಿದ್ದಲ್ಲ ಎಂಬ ನಂಬಿಕೆ ಹರಡಿದೆ. ಕದ್ದ ವಸ್ತುವನ್ನು ಕ್ಷಮಾಪಣೆಯ ಪತ್ರದೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುವವರಿದ್ದಾರೆ, ಅಂಥ ಪತ್ರಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಶಾಪವನ್ನು ಹುಟ್ಟಿಸಿದ್ದು ಕಳ್ಳತನದಿಂದ ಬೇಸತ್ತ ಕಾವಲುಗಾರರೇ ಎಂಬ ಮಾತೂ ಇದೆ. ಹಾಗಿದ್ದರೆ ಅವರ ಜಾಣ್ಮೆಯನ್ನು ಮೆಚ್ಚಬೇಕು.

ಊರಿಗೆ ಎದುರಿನ ದಿಣ್ಣೆಯ ಮೇಲೆ ಸ್ಮಶಾನವಿದೆ. ಬೋಡಿಗೆ ಹೋದವರಲ್ಲಿ ಅನೇಕರು ಏರು ನೋಡಿ ಅತ್ತ ಹೋಗುವುದಿಲ್ಲ, ಹೋಗಬೇಕು. ಯಾರನ್ನು ನೆನೆಯಬೇಕು, ಯಾರನ್ನು ಬೇಡ ಎಂದು ಒಂದು ಊರು ತೀರ್ಮಾನಿಸುವ ಬಗೆ ಅಲ್ಲಿ ಬಯಲಿಗೆ ಬಿದ್ದಿದೆ. ಗಣಿಸಂಘದವರಿಗೆ, ಫ್ರೀಮೇಸನ್ ಎಂಬ ಸೋದರ ಬಳಗದವರಿಗೆ ಬೇರೆ ಬೇರೆ ಆವರಣಗಳು. ವೇಶ್ಯೆಯರಿಗೆ ಬೇಲಿಯ ಹೊರಗೆ ಜಾಗ. ರೋಸಾ ಮೇ ಎಂಬ ಹೆಣ್ಣುಮಗಳ ಸಮಾಧಿ ಅಲ್ಲಿದೆ. ರೋಗ ಹರಡಿದಾಗ ಗಣಿಗಾರರ ಆರೈಕೆ ಮಾಡುತ್ತಲೇ ಆಕೆ ಸತ್ತಳೆಂಬ ಕಥೆಯಿದೆ. ಬೇಲಿಯೊಳಗೆ ಎದ್ದುಕಾಣುವ ಕಲ್ಲಿನ ಸ್ತಂಭದ ಕಥೆ ಇನ್ನೂ ವಿಚಿತ್ರ. ಹಿಮದಲ್ಲಿ ಸತ್ತ ಬೋಡಿಯ ಮೂಳೆಗಳು 1879ರಲ್ಲಿ ಸಿಕ್ಕಾಗ ಊರಿನವರು ಮೆರವಣಿಗೆ ಮಾಡಿ ಅವನ್ನು ಇಲ್ಲಿ ಹೂಳಿದರು, ಅವನ ನೆನಪಿಗೆ ಸ್ತಂಭವೊಂದನ್ನು ಮಾಡಿಸಲು ಹೊರಟರು. ಸ್ತಂಭ ಸಿದ್ಧವಾಗುವ ಹೊತ್ತಿಗೆ, 1881ರಲ್ಲಿ, ರಾಷ್ಟ್ರಾಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟಿನಿಂದ ಸತ್ತರು. ದೇಶವೆಲ್ಲ ಶೋಕದಲ್ಲಿದ್ದಾಗ ಅದೇ ಕಲ್ಲಿನ ಮೇಲೆ ಅವರ ಹೆಸರನ್ನು ಕೆತ್ತಿಸಿಬಿಟ್ಟರು. ಊರಿಗೆ ಹೆಸರು ಕೊಟ್ಟವನು ಕಲ್ಲಿಲ್ಲದೆ ಉಳಿದ.

ಬೋಡಿಯ ವಿಷಯ ಬಂದಾಗಲೆಲ್ಲ ಕನ್ನಡಿಗ ಗೆಳೆಯರು, ನಮ್ಮ ಕೆಜಿಎಫನ್ನೂ ಹೀಗೆ ಉಳಿಸಿಕೊಳ್ಳಬಾರದೇ ಎಂದು ಕೇಳುತ್ತಾರೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಅಲ್ಲಿಯ ಶಾಫ್ಟುಗಳ (ಗಣಿಗೆ ಇಳಿಯುವ ಬಾವಿಗಳ) ಗೋಪುರಗಳು, ಬ್ರಿಟಿಷರ ಬಂಗಲೆಗಳು, ಕ್ಲಬ್ಬುಗಳು ತುಕ್ಕು ಹಿಡಿಯುತ್ತಿರುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಪತ್ರಿಕೆಗಳಲ್ಲಿಯೂ ಅದನ್ನು ಸತ್ತ ನಗರವೆಂದು ಬಣ್ಣಿಸುವುದುಂಟು. ನನಗೆ ಈ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಬೋಡಿಯನ್ನು ಕಾಪಾಡಲು ಸಾಧ್ಯವಾದದ್ದು ಅದು ಖಾಲಿಯಾಗಿದ್ದುದರಿಂದ. ಸೋರುವ ಮನೆಯನ್ನು ಅದೇ ಸ್ಥಿತಿಯಲ್ಲಿ ಇಡಿ ಎಂದು ಹೇಳಬೇಕಾದರೆ ಅದರೊಳಗೆ ಯಾರೂ ಮಲಗಿರಬಾರದು. ಕೆಜಿಎಫ್‌ನಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಲೈನುಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ತಮಿಳು, ತೆಲುಗು, ಕನ್ನಡ, ಉರ್ದು ಬೆರೆತ ಬೀದಿಗಳಿವೆ, ಶಾಲೆಗಳಿವೆ, ಹಬ್ಬ ಜಾತ್ರೆಗಳಿವೆ.

ಹಾಗೆ ಉಳಿಯಲು ಕಾರಣಗಳಲ್ಲಿ ಒಂದು ರೈಲು. ಬೋಡಿಯ ರೈಲು ಕಾಡಿನಿಂದ ಗಣಿಗೆ ಓಡಿ ಅಲ್ಲಿಗೇ ಮುಗಿಯುತ್ತಿತ್ತು. ಗಣಿ ಸೊರಗಿದಂತೆ ಅದಕ್ಕೆ ಕೆಲಸವಿಲ್ಲದಾಯಿತು. ಕೋಲಾರದ ಗಣಿಗಳಿಗೆ 1894ರಲ್ಲಿ ಹಾಕಿದ ಹಳಿ ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗಕ್ಕೆ ಕೂಡುತ್ತದೆ. ಚಿನ್ನ ಸಾಗಿಸುವುದು ನಿಂತ ಮೇಲೆ ಅದೇ ಹಳಿ ಮನುಷ್ಯರನ್ನು ಸಾಗಿಸಿತು. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್, ಊರಿಗಾಂ ನಿಲ್ದಾಣಗಳಿಂದ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಸಾವಿರಾರು ಜನರು ಆ ಊರನ್ನು ಊರಾಗಿ ಇಟ್ಟಿದ್ದಾರೆ. ಸುಲಭದ ಬದುಕೇನಲ್ಲ, ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಅದೇ ಜನರು ವಾಸಿಸುವ ಊರನ್ನು ಭೂತಗಳ ಊರೆಂದು ಕರೆಯುವುದು ನನಗೆ ಅವಮಾನವೆಂದೇ ತೋರುತ್ತದೆ.

ಗಣಿ ಮತ್ತೆ ಬರಬಹುದೆಂಬ ಮಾತು ಎರಡು ಕಡೆಯೂ ಎದ್ದಿದೆ. ಬೋಡಿಯ ಗುಡ್ಡದಲ್ಲಿ ತೆರೆದ ಗಣಿ ತೋಡಲು 1980ರ ದಶಕದ ಕೊನೆಯಲ್ಲಿ ಗ್ಯಾಲಾಕ್ಟಿಕ್ ರಿಸೋರ್ಸಸ್ ಎಂಬ ಕೆನಡಾದ ಕಂಪನಿ ಮುಂದೆ ಬಂದಿತ್ತು. ಆ ಕಂಪನಿ ಕೊಲರಾಡೋದ ಸಮಿಟ್‌ವಿಲ್‌ನಲ್ಲಿ ಸೈನೈಡ್ ಸೋರಿಕೆಯಿಂದ ನದಿಯನ್ನು ಕೆಡಿಸಿ ದಿವಾಳಿಯಾಯಿತು. 1994ರಲ್ಲಿ ಅಮೆರಿಕದ ಸಂಸತ್ತು ಬೋಡಿಯ ಸುತ್ತಲಿನ ನೆಲದಲ್ಲಿ ಹೊಸ ಗಣಿಹಕ್ಕು ಕೊಡದಂತೆ ಕಾಯಿದೆ ಮಾಡಿತು. ಕೋಲಾರದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿಯ ಹದಿಮೂರು ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ಕರ್ನಾಟಕದ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಸುಮಾರು 1,003 ಎಕರೆ ಪ್ರದೇಶದ ಮಾತು ಅದು. ಬೇಸಿಗೆಯ ಗಾಳಿಗೆ ಆ ದಿಬ್ಬಗಳ ಧೂಳು ಮನೆಗಳ ಮೇಲೆ ಹಾರುವುದನ್ನು ತಲೆಮಾರುಗಳಿಂದ ಸಹಿಸಿಕೊಂಡವರಿದ್ದಾರೆ. ಬೋಡಿಯಲ್ಲಿ 1890ರ ದಶಕದಲ್ಲಿಯೇ ದಿಬ್ಬಗಳಿಂದ ಚಿನ್ನ ತೆಗೆಯುವ ಈ ಕೆಲಸವನ್ನು ಮಾಡಿದ್ದರು, ಲಾಭ ಕಂಪನಿಗೆ ಹೋಯಿತು, ಊರು ಕೆಲವು ವರ್ಷ ಉಸಿರಾಡಿ ಮತ್ತೆ ಸೊರಗಿತು. ಕೋಲಾರದ ದಿಬ್ಬಗಳಿಂದ ಚಿನ್ನ ಬರುವುದಾದರೆ ಮೊದಲು ಇತ್ಯರ್ಥವಾಗಬೇಕಾದದ್ದು ಎಷ್ಟು ಟನ್ ಎಂಬುದಲ್ಲ. ಲೈನುಮನೆಗಳಲ್ಲಿ ಉಳಿದಿರುವ ನಿವೃತ್ತ ಕಾರ್ಮಿಕರ ಕುಟುಂಬಗಳಿಗೆ ಅವರು ವಾಸಿಸುವ ಮನೆಯ ಹಕ್ಕುಪತ್ರ, ಅದಿರು ಅಗೆದವರ ಮಕ್ಕಳಿಗೆ ಆ ಕೆಲಸದಲ್ಲಿ ಪಾಲು, ಕೆಲಸ ನಡೆಯುವಷ್ಟು ಕಾಲ ಧೂಳು ಏಳದಂತೆ ನೀರಿನ ವ್ಯವಸ್ಥೆ. ಶಾಫ್ಟಿನ ಗೋಪುರಗಳಿಗೆ ಬಣ್ಣ ಬಳಿಯಬೇಕೇ ಬೇಡವೇ ಎಂಬ ಚರ್ಚೆಯನ್ನು ಅದಾದ ಮೇಲೆ, ಅಲ್ಲಿ ಇರುವವರನ್ನು ಕೇಳಿಯೇ ಮಾಡಬಹುದು.